ಪ್ಲಾಸ್ಟಿಕ್ಕಿನೊಳಗೆ ಹೋದ ನಮ್ಮ ಹೆಸರುಗಳು

ಒಮಾನಿನ ಇಬ್ರಾದಲ್ಲಿ ನನ್ನದು ಕಾರಿನ ಸೀಟು ಹೊಲಿಯುವ ಅಂಗಡಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ನಾನು ಹಾಕಿದ ಹೊಲಿಗೆ ಬಿಚ್ಚಿತೆಂದು ಈವರೆಗೆ ಯಾರೂ ವಾಪಸು ಬಂದದ್ದಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ. ಅಂಥ ನಾನು ಮೊಮ್ಮಗಳ ದೀಕ್ಷಾಸ್ನಾನ ಹತ್ತಿರ ಬಂದಾಗ, ಅಂಗಡಿಯ ಷಟರ್ ಅರ್ಧ ಎಳೆದುಕೊಂಡು, ರೆಕ್ಸಿನ್ನಿಗೆ ಅಳತೆ ತೆಗೆಯುವ ಕಂದು ಕಾಗದದ ಮೇಲೆ ಅವಳ ಹೆಸರನ್ನು ಬರೆದು ಬರೆದು ಕೈ ಪಳಗಿಸಿಕೊಳ್ಳುತ್ತಿದ್ದೆ.

ಎಲ್ಲ ನಮ್ಮ ಮನೆಯ ಸತ್ಯವೇದಕ್ಕಾಗಿ, ಅಂದರೆ ಬೈಬಲ್ಲಿಗಾಗಿ. ಉಡುಪಿಯ ಕಡೆ ಮಿಶನ್ನಿನವರಿದ್ದ ಕಾಲದಲ್ಲಿ ನಮ್ಮ ಹಿರಿಯರ ಕೈಗೆ ಬಂದ ದಪ್ಪ ಪುಸ್ತಕ ಅದು. ಚರ್ಮದ ರಟ್ಟು, ಹಿತ್ತಾಳೆಯ ಕೊಂಡಿ. ಹಳೆಯ ಒಡಂಬಡಿಕೆ ಮುಗಿದು ಹೊಸದು ಶುರುವಾಗುವ ನಡುವೆ ಎರಡು ಖಾಲಿ ಹಾಳೆ ಬಿಟ್ಟಿದ್ದರು. ಮೊದಲನೆಯದರ ಎರಡೂ ಬದಿಯಲ್ಲಿ ಮನೆಯಲ್ಲಿ ಹುಟ್ಟಿದವರ ಹೆಸರುಗಳು; ಎರಡನೆಯದು ಇನ್ನೂ ಖಾಲಿ. ಮಗುವಿನ ತಲೆಯ ಮೇಲಿನ ನೀರು ಆರುವ ಮೊದಲೇ, ಚರ್ಚಿನೊಳಗೇ, ಮನೆಯ ಹಿರಿಯ ಹೆಸರು ಬರೆಯಬೇಕು. ಅದು ನಮ್ಮಲ್ಲಿ ನಡೆದುಬಂದ ಕ್ರಮ. ನನ್ನ ಹೆಸರು ಬರೆದದ್ದು ಅಜ್ಜ, ನನ್ನ ಮಗನದ್ದು ಅಪ್ಪ. ಈಗ ಹಿರಿಯ ನಾನು. ಮಗನ ಹೆಸರಿನ ಕೆಳಗೆ ಒಂದು ಸಾಲಿನಷ್ಟು ಜಾಗ ಉಳಿದಿತ್ತು.

ಮಸ್ಕತ್ತಿನ ಚರ್ಚಿನ ಆವರಣದಲ್ಲಿ ಒಂದೇ ಹಾಲಿಗೆ ಶುಕ್ರವಾರ ಹಲವು ಸಭೆಗಳ ಸರದಿ. ಇಂಗ್ಲಿಷಿನವರ ಆರಾಧನೆ ಮುಗಿದ ಮೇಲೆ ಕನ್ನಡದವರು ನಾವು, ನಮ್ಮ ಬೆನ್ನಿಗೇ ಫಿಲಿಪಿನೋಗಳು. ಹೊತ್ತು ಮುಗಿಯಿತೆಂದರೆ ಖಲಾಸ್, ಜಾಗ ಬಿಡಬೇಕು. ಹೀಗೆ ಒಬ್ಬರು ಹೊರಗೆ ಬರುವಾಗ ಒಬ್ಬರು ಒಳಗೆ ಹೋಗುವಲ್ಲಿ ನನಗೆ ಒಬ್ಬ ಇಂಗ್ಲಿಷ್ ಮುದುಕನ ಪರಿಚಯವಾಗಿತ್ತು. ಅವನು ಮೊಬೈಲಿನಲ್ಲಿ ತನ್ನ ಊರಿನ ಚರ್ಚು ತೋರಿಸಿದ್ದ. ಕಲ್ಲಿನ ಗೋಪುರ, ಸುತ್ತ ವಾಲಿದ ಗೋರಿಕಲ್ಲುಗಳು, ಒಳಗೆ ಗಾಜಿನ ಕಪಾಟಿನಲ್ಲಿ ಅವನ ಮನೆತನದ ದೊಡ್ಡ ಬೈಬಲ್. ಅದರಲ್ಲೂ ಹೆಸರುಗಳಿದ್ದವು. ಊರಿನ ಆಸ್ತಿಯೆಂದು ಇಟ್ಟಿದ್ದಾರೆ, ದೂರದಿಂದೆಲ್ಲ ನೋಡಲು ಬರುತ್ತಾರೆ ಎಂದ.

"ನಿಮ್ಮ ಮೊಮ್ಮಕ್ಕಳ ಹೆಸರು ಉಂಟಾ ಅದರಲ್ಲಿ?" ನನ್ನ ಹರುಕು ಇಂಗ್ಲಿಷಿನಲ್ಲಿ ಕೇಳಿದೆ.

"ಕೀಲಿ ಕಮಿಟಿಯವರ ಹತ್ತಿರ ಇದೆ," ಎಂದು ನಕ್ಕ.

"ನಮ್ಮದರಲ್ಲಿ ಈಗಲೂ ಬರೀತೇವೆ. ಬನ್ನಿ, ಕಣ್ಣಾರೆ ನೋಡಿ," ಎಂದು ಎದೆಯುಬ್ಬಿಸಿ ಕರೆದಿದ್ದೆ.

ಆ ಶುಕ್ರವಾರ ಅವನು ತನ್ನ ಆರಾಧನೆ ಮುಗಿದರೂ ಹೋಗದೆ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅಯ್ಯನವರು ಮಗುವಿನ ತಲೆಗೆ ನೀರು ಹಾಕಿದರು. ಮಗು ಚೀರಿತು. ಮೇಲೆ ಎ.ಸಿ. ಭರ್ರನೆ ಬೀಸುತ್ತಿತ್ತು. ನಾನು ಪೆನ್ನಿನ ಮುಚ್ಚಳ ತೆಗೆದು ಸತ್ಯವೇದ ಬಿಡಿಸಿದೆ.

ಹೆಸರಿನ ಹಾಳೆ ಮಿರಮಿರ ಮಿಂಚಿತು.

ಅದು ಮೊದಲೇ ಪುಸ್ತಕದ ಹೊಲಿಗೆಯಿಂದ ಕಳಚಿಕೊಂಡಿದ್ದ ಹಾಳೆ. ಫೋಟೋ ತೆಗೆಸುತ್ತೇನೆಂದು ಮಗ ಒಯ್ದಿದ್ದ, ಬೆಳಿಗ್ಗೆ ತಾನೇ ಒಳಗೆ ಇಟ್ಟಿದ್ದ. ಟೈಪಿಂಗ್ ಸೆಂಟರಿನಲ್ಲಿ ಅದಕ್ಕೆ ಲ್ಯಾಮಿನೇಶನ್ ಮಾಡಿಸಿದ್ದಾನೆ! ಪೆನ್ನು ಒತ್ತಿದೆ. ಶಾಯಿ ಹನಿಯಾಗಿ ಜಾರಿತು.

"ಎಂತ ಮಾಡಿದೆ ಮಾರಾಯ ನೀನು?"

"ಸರ್‌ಪ್ರೈಸ್ ಪಪ್ಪಾ... ಹರಿದು ಹೋಗ್ತಿತ್ತಲ್ಲ. ಆ ಅಂಕಲ್ ನೋಡುವಾಗ ಚಂದ ಕಾಣ್ಲಿ ಅಂತ."

"ಚಂದವಾ? ನಾನೆಲ್ಲಿ ಬರೀಲಿ, ನಿನ್ನ ಹಣೆಯ ಮೇಲಾ?"

ಸೊಸೆ ಮಗುವನ್ನು ತೂಗುತ್ತಲೇ ಗಂಡನ ಕಡೆ ತಿರುಗಿದಳು. "ನನ್ನ ನರ್ಸಿಂಗ್ ಸರ್ಟಿಫಿಕೇಟಿಗೂ ಹೀಗೇ ಮಾಡಿ, ಸೀಲು ಕೂರದೆ ಅಟೆಸ್ಟೇಶನ್ನಿನವರಿಂದ ಬೈಸಿಕೊಂಡದ್ದು ಮರ್ತು ಹೋಯ್ತಾ ನಿಮಗೆ?"

ಬಾಗಿಲಾಚೆ ಫಿಲಿಪಿನೋಗಳು ಗಿಟಾರಿನ ತಂತಿ ಮೀಟಿ ನೋಡುವ ಸದ್ದು. ಕಾವಲುಗಾರ ಇಣುಕಿ, "ಯಲ್ಲಾ, ಯಲ್ಲಾ," ಎಂದು ಅವಸರಪಡಿಸಿದ.

ನನ್ನ ಕಿಸೆಯಲ್ಲಿ ಯಾವಾಗಲೂ ಕಟರ್ ಇರುತ್ತದೆ. ತೆಗೆದೆ. ಪ್ಲಾಸ್ಟಿಕ್ಕಿನ ಅಂಚು ಸೀಳಿ ಒಳಗೆ ಬ್ಲೇಡು ತೂರಿಸಿದೆ. ರೆಕ್ಸಿನ್ನಿನ ಬೆನ್ನಿನಿಂದ ಬಟ್ಟೆ ಬಿಡಿಸುವ ಕೈ ಇದು, ಇದೆಷ್ಟರದ್ದು ಅನಿಸಿತ್ತು. ಮೂಲೆ ಎದ್ದಿತು. ಅದರ ಜೊತೆಗೇ ಕಾಗದದ ಪದರವೂ ಎದ್ದಿತು.

"ಪಪ್ಪಾ, ಬೇಡ!" ಮಗ ನನ್ನ ಮಣಿಕಟ್ಟು ಹಿಡಿದ. "ಅಜ್ಜನ ಅಕ್ಷರ ಬರ್ತಾ ಉಂಟು, ನೋಡಿ."

ನೋಡಿದೆ. ಬ್ಲೇಡು ಇನ್ನೊಂದು ಕೂದಲೆಳೆ ಮುಂದೆ ಹೋದರೆ ನನ್ನ ಅಪ್ಪ ಬರೆದ ಸಾಲು ಪ್ಲಾಸ್ಟಿಕ್ಕಿಗೆ ಅಂಟಿ ಸುಲಿದು ಬರುತ್ತಿತ್ತು. ಬಿಡಿಸಿದರೆ ಹಳೆಯ ಹೆಸರುಗಳು ಹೋಗುತ್ತವೆ. ಬಿಟ್ಟರೆ ನನ್ನ ಮೊಮ್ಮಗಳ ಹೆಸರಿಗೆ ಅಲ್ಲಿ ಜಾಗವಿಲ್ಲ. ಮುಂದೆ ಅವಳು ಪುಸ್ತಕ ಬಿಡಿಸಿ, ತಾನೆಲ್ಲಿ ಅಂತ ಹುಡುಕಿದರೆ?

ಕಟರ್ ಮಡಚಿದೆ. ಬೆವರು ಒರೆಸಿಕೊಂಡೆ, ಆ ಎ.ಸಿ.ಯಲ್ಲಿಯೂ.

ಯಾವಾಗ ಎದ್ದು ಬಂದನೋ, ಇಂಗ್ಲಿಷ್ ಮುದುಕ ಪಕ್ಕದಲ್ಲೇ ನಿಂತಿದ್ದ. ಕಥೆಯೆಲ್ಲ ಅವನಿಗೆ ತಿಳಿದುಬಿಟ್ಟಿತ್ತು. ಪ್ಲಾಸ್ಟಿಕ್ಕಿಗೆ ಭಾಷೆ ಬೇಕೇ? "ನಮ್ಮದು ಗಾಜು, ನಿಮ್ಮದು ಇದು," ಎಂದ. ನನಗೆ ಸಿಟ್ಟು ಬಂತು. ನಗುತ್ತಿದ್ದಾನೇನೋ ಎಂದು ಮುಖ ನೋಡಿದರೆ, ಇಲ್ಲ. ಅವನು ಮಿಂಚುವ ಹಾಳೆಯನ್ನು ಬದಿಗಿಟ್ಟು, ಅದರ ಕೆಳಗಿದ್ದ ಎರಡನೆಯ ಖಾಲಿ ಹಾಳೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಸವರಿ, ಹಾರದಂತೆ ಮೂಲೆ ಒತ್ತಿ ಹಿಡಿದುಕೊಂಡ.

"ಹೊಸ ಹಾಳೆಯಲ್ಲಿ ಒಬ್ಬಳನ್ನೇ ಬರೆಯುವುದಾ? ಅನಾಥೆಯ ಹಾಗೆ?" ಎಂದೆ.

"ಒಬ್ಬಳೇ ಯಾಕೆ?" ಸೊಸೆ ಗದರಿದಳು. "ಕೆಳಗೆ ಇಷ್ಟು ಜಾಗ ಉಂಟಲ್ಲ. ನೀವು ಮೊದಲು ಬರೀರಿ ಮಾವ."

"ಇನ್ನೇನು ಬರೆಯುವುದು? ನೀರು ಆರಿ ಆಯ್ತಲ್ಲ," ಎಂದು ಗೊಣಗಿದೆ.

ಮಗುವಿನ ತಲೆ ಒಣಗಿತ್ತು, ನಿಜ. ಸೊಸೆ ಅಯ್ಯನವರ ಮುಖ ನೋಡಿದಳು. ಅವರು ಆ ಕ್ಷಣಕ್ಕೆ ಸರಿಯಾಗಿ ಪ್ರಾರ್ಥನೆಯ ಪುಸ್ತಕದಲ್ಲಿ ಏನೋ ಹುಡುಕತೊಡಗಿದರು. ಅವಳು ದೀಕ್ಷಾಸ್ನಾನದ ನೀರಿನ ಬೋಗುಣಿಯಲ್ಲಿ ಬೆರಳದ್ದಿ ಮಗುವಿನ ನೆತ್ತಿಗೆ ಸವರಿದಳು.

"ಎಲ್ಲಿ ಆರಿದೆ? ಮುಟ್ಟಿ ನೋಡಿ."

ಮುಟ್ಟಿದೆ. ತಣ್ಣಗಿತ್ತು.

ಬರೆದೆ. ಮೊದಲ ಅಕ್ಷರ ದೊಡ್ಡದಾಯಿತು, ಕೊನೆಯದು ಸ್ವಲ್ಪ ಮೇಲಕ್ಕೆ ಹೋಯಿತು. ಕಂದು ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿ ಬಂದಿತ್ತು. ಮುದುಕ ಬಗ್ಗಿ, ಶಾಯಿ ಒಣಗುವವರೆಗೆ ಉಫ್ ಉಫ್ ಎಂದು ಊದುತ್ತ ನಿಂತ. ಅಷ್ಟರಲ್ಲಿ ಫಿಲಿಪಿನೋಗಳು ಒಳಗೆ ಬಂದು ಗಿಟಾರಿನ ವೈರು ಎಳೆಯತೊಡಗಿದ್ದರು.

ಕಾರಿನಲ್ಲಿ ಮಗ, "ಪಪ್ಪಾ, ಆ ಹಳೇ ಹಾಳೆ ಎಂತ ಮಾಡುವುದು?" ಎಂದ.

"ಇಲ್ಲಿ ಕೊಡು. ಸುತ್ತ ಪ್ಲಾಸ್ಟಿಕ್ಕಿನ ಅಂಚು ಬಿಟ್ಟಿದ್ದಾರಲ್ಲ, ಅಲ್ಲಿಗೆ ಸೂಜಿ ಹಾಕ್ತೇನೆ."

ಮರುದಿನ ಅಂಗಡಿಯಲ್ಲಿ ಎಲ್ಲ ಕೆಲಸ ಬದಿಗಿಟ್ಟು, ಸೀಟಿನ ಮೇಣದ ನೂಲಿನಿಂದ ಆ ಹಾಳೆಯನ್ನು ಅದರ ಜಾಗಕ್ಕೇ ಕೈಹೊಲಿಗೆ ಹಾಕಿ ಕೂರಿಸಿದೆ. ಪುಸ್ತಕ ಬಿಡಿಸಿದರೆ ಎಡಕ್ಕೆ ಅವರೆಲ್ಲ, ಬಲಕ್ಕೆ ಅವಳು.