ಪಿಟೀಲು ಇಳಿಸಿದ ಶನಿವಾರ

ಅದು 1984ರ ಚಳಿಗಾಲ. ನಾನು ಅಡಿಲೇಡ್‌ನ ಬೆಡ್‌ಫರ್ಡ್ ಪಾರ್ಕ್‌ನಲ್ಲಿ ರಸಾಯನಶಾಸ್ತ್ರದ ಎರಡನೇ ವರ್ಷ ಓದುತ್ತಿದ್ದೆ. ಅಪ್ಪ ಮೊದಲು ಪರ್ತ್‌ನಲ್ಲಿ ವೈದ್ಯರಾಗಿದ್ದವರು, ಆಗ ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ಗೆ ಬಂದಿದ್ದರು. ನಾನು ಬಾಡಿಗೆಗಿದ್ದದ್ದು ಜೀನ್ ಎಂಬ ನಿವೃತ್ತ ನರ್ಸ್ ಮನೆಯಲ್ಲಿ. ಸ್ಕಾಟ್ಲೆಂಡಿನಿಂದ ಬಂದು ಮೂವತ್ತು ವರ್ಷವಾಗಿದ್ದರೂ ಅವರ ಮಾತಿನ ಧಾಟಿ ಬದಲಾಗಿರಲಿಲ್ಲ. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. "ನನಗಿಷ್ಟು ದೊಡ್ಡ ಸೋದರಸೊಸೆ ಯಾವಾಗ ಹುಟ್ಟಿದ್ಲೋ" ಎಂದು ಅವರು ನಗುತ್ತಿದ್ದರು.

ಆ ವರ್ಷದ ಮೊದಲಲ್ಲೇ ಒಂದು ದಿನ ಅವರು ಬೀರುವಿನ ಮೇಲಿಂದ ಆರು ಮೂಲೆಯ ಮರದ ಪೆಟ್ಟಿಗೆಯೊಂದನ್ನು ಇಳಿಸಿಕೊಟ್ಟರು. ಒಳಗಿದ್ದದ್ದು ಕನ್ಸರ್ಟಿನಾ. ಎರಡು ಕೈಗಳ ನಡುವೆ ಹಿಡಿದು ಒತ್ತಿ ಎಳೆಯುವ ಪುಟ್ಟ ತಿದಿ, ಎರಡೂ ಬದಿಗೆ ಗುಂಡಿಗಳ ಸಾಲು. ಹಾರ್ಮೋನಿಯಂಗೆ ದೂರದ ತಂಗಿ ಎನ್ನಬಹುದು.

"ನಮ್ಮಣ್ಣಂದು. ಅವನು ನುಡಿಸೋದನ್ನ ಕೇಳಿ ನಮ್ಮ ನಾಯಿ ಪಕ್ಕದ ಮನೆಗೆ ಹೋಗಿ ಸೇರ್ಕೊಂಡಿತ್ತು. ನಿನ್ನ ಕೈಲಾದ್ರೂ ಏನಾದ್ರೂ ಆಗುತ್ತೇನೋ ನೋಡು" ಎಂದರು.

ಅದರ ಒಳಸಾಲಿನ ಗುಂಡಿಗಳು ಬರಿಯ ಗಾಳಿ ಬಿಡುತ್ತಿದ್ದವು. ಹೊರಸಾಲು ಮಾತ್ರ ಗಟ್ಟಿಯಾಗಿತ್ತು. ಒಂದು ಗುಂಡಿಯನ್ನು ಹಿಡಿದು ತಿದಿ ಒತ್ತಿದರೆ ಸ, ಎಳೆದರೆ ರಿ. ಪಕ್ಕದ್ದನ್ನು ಒತ್ತಿದರೆ ಗ, ಎಳೆದರೆ ಮ. ಇದು ಗೊತ್ತಾದ ಸಂಜೆ ನಾನು ಊಟ ಮರೆತೆ. ಹದಿನೈದನೇ ವಯಸ್ಸಿನವರೆಗೆ ಅಮ್ಮನ ಹತ್ತಿರ ಹಾಡು ಕಲಿತಿದ್ದೆ, ಕೇಳಿದ್ದನ್ನು ಸ್ವರ ಹಾಕಿ ಬರೆಯುವುದು ಗೊತ್ತಿತ್ತು. ಜೀನ್ ಆಂಟಿಯ ಕ್ಯಾಸೆಟ್‌ಗಳಲ್ಲಿದ್ದ ಸ್ಕಾಟಿಷ್, ಐರಿಷ್ ಕುಣಿತದ ಮಟ್ಟುಗಳನ್ನು ನಿಲ್ಲಿಸಿ ನಿಲ್ಲಿಸಿ ಕೇಳಿ, ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಸರಿಗಮ ಬರೆದುಕೊಂಡೆ. ಆರು ತಿಂಗಳಲ್ಲಿ ಹನ್ನೊಂದು ಮಟ್ಟುಗಳು ಬಂದವು. ಎಲ್ಲವನ್ನೂ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ನುಡಿಸಿಕೊಳ್ಳುತ್ತಿದ್ದೆ. ಮನೆಗೆ ಬರೆದ ಪತ್ರಗಳಲ್ಲಿ ಈ ವಿಷಯ ಎತ್ತಿರಲಿಲ್ಲ. ಯಾಕೆಂದು ಕೇಳಿದರೆ ಹೇಳುವುದು ಕಷ್ಟ. ನನ್ನದೇ ಎನ್ನುವಂಥದ್ದು ಒಂದಿರಲಿ ಅನ್ನಿಸಿತ್ತು.

ಅಲ್ಲಿಯ ಚಳಿಗಾಲದ ಕೊನೆಗೆ, ಆಗಸ್ಟ್‌ನಲ್ಲಿ, ಜೀನ್ ಆಂಟಿಯ ಸೊಂಟದ ಕೀಲಿಗೆ ಆಪರೇಷನ್ ಎಂದು ನಿಗದಿಯಾಯಿತು. ಆಮೇಲೆ ನಡೆಯಬಹುದು, ಹಾರಿ ಕುಣಿಯುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವರು ಹುಡುಗಿಯಾಗಿದ್ದಾಗಿನಿಂದ ಶನಿವಾರ ತಪ್ಪಿಸದೆ ಕುಣಿದವರು. "ಸೋಮವಾರ ಕತ್ತರಿಸ್ಕೊಳ್ಳಲಿ. ಶನಿವಾರ ಒಂದೇ ಒಂದು ರೀಲ್ ಕುಣಿದುಬಿಡ್ತೀನಿ" ಎಂದರು. ರೀಲ್ ಎಂದರೆ ಓಟದ ನಡೆಯ ಕುಣಿತ. ಗಂಡಸರೂ ಹೆಂಗಸರೂ ಎರಡು ಸಾಲಾಗಿ ಎದುರುಬದುರು ನಿಂತು ಶುರುಮಾಡುತ್ತಾರೆ.

ಅದೇ ವಾರ ಅಪ್ಪ ಒಂದು ವೈದ್ಯರ ಸಭೆಗೆಂದು ಅಡಿಲೇಡ್‌ಗೆ ಬಂದಿದ್ದರು. ಜೀನ್ ಆಂಟಿ ಅವರನ್ನೂ ಕರೆದರು. ಜೊತೆಗೆ ಕನ್ಸರ್ಟಿನಾದ ಪೆಟ್ಟಿಗೆಯನ್ನು ತಾವೇ ಕಾರಿನಲ್ಲಿ ಇಟ್ಟರು. "ಟೀ ಹೊತ್ತಿಗೆ ಒಂದು ಮಟ್ಟು ನುಡಿಸು, ಸಾಕು" ಎಂದರು. ಅಪ್ಪ ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು.

"ಏನೇ ಇದು?"

"ಹೀಗೇ ಅಪ್ಪ. ಸ್ವಲ್ಪ ಕಲೀತಿದೀನಿ."

"ಸ್ವಲ್ಪ ಅಂದ್ರೆ ಎಷ್ಟು ದಿನದಿಂದ?"

ನಾನು ಪೆಟ್ಟಿಗೆಯ ಪಕ್ಕ ಹತ್ತಿ ಕೂತು ಕಾರಿನ ಬಾಗಿಲು ಹಾಕಿಕೊಂಡೆ.

ಮರದ ನೆಲ, ತಗಡಿನ ಸೂರು, ಮೂಲೆಯಲ್ಲಿ ಟೀ ಕಾಯಿಸುವ ದೊಡ್ಡ ಪಾತ್ರೆ, ಇಷ್ಟೇ ಅವರು ಶನಿವಾರ ಕುಣಿಯುವ ಹಾಲ್. ನಲವತ್ತು ಜನ ಸೇರಿದ್ದರು. ಮೂರು ಗಂಟೆಯಾದರೂ ಕುಣಿತಕ್ಕೆ ಅಕಾರ್ಡಿಯನ್ ಎಂಬ ದೊಡ್ಡ ತಿದಿವಾದ್ಯ ನುಡಿಸುವವರು ಬರಲಿಲ್ಲ. ಕೊನೆಗೆ ಅವರ ಹೆಂಡತಿಯ ಫೋನ್ ಬಂತು. ಬೆಳಿಗ್ಗೆ ಕುಂಬಳಕಾಯಿ ಹೆಚ್ಚುವಾಗ ಗಂಡನ ಬೆರಳು ಕುಯ್ದು ನಾಲ್ಕು ಹೊಲಿಗೆ ಬಿದ್ದಿತ್ತು. ಉಳಿದವರು ಪಿಟೀಲಿನ ಡಂಕನ್ ಒಬ್ಬರೇ. ಎಪ್ಪತ್ತು ದಾಟಿದ ಬಡಗಿ. ಅವರು ಶುರುಮಾಡಿ ನೋಡಿದರು. ಅಷ್ಟು ಜನರ ಹೆಜ್ಜೆಯ ಸದ್ದಿಗೆ ಪಿಟೀಲು ಕೇಳಿಸದೆ ಎರಡು ಸಾಲುಗಳೂ ಒಂದಕ್ಕೊಂದು ಡಿಕ್ಕಿ ಹೊಡೆದವು.

"ಈ ಹುಡುಗಿ ಹತ್ತಿರ ಕನ್ಸರ್ಟಿನಾ ಇದೆ. ಗೋಡೆ ಬಿರಿಯೋ ಹಾಗೆ ಕೇಳುತ್ತೆ" ಎಂದರು ಜೀನ್ ಆಂಟಿ.

"ಈ ರೀಲ್ ಬರುತ್ತಾ?" ಎಂದರು ಡಂಕನ್. ಬರುತ್ತದೆ ಎಂದೆ. ನೋಟ್‌ಬುಕ್ಕಿನ ಮೂರನೇ ಪುಟ.

ಎಲ್ಲರೂ ಮತ್ತೆ ಸಾಲಾಗಿ ನಿಂತರು. ಅಲ್ಲೊಂದು ಪದ್ಧತಿ ಇದೆ. ಮಟ್ಟು ಶುರುವಾಗುವ ಮುಂಚೆ ವಾದ್ಯದವರು ಕೆಲವು ಸ್ವರಗಳನ್ನು ಒಟ್ಟಿಗೆ ಉದ್ದಕ್ಕೆ ನುಡಿಸುತ್ತಾರೆ, ಆ ನಾದಕ್ಕೆ ಎದುರುಬದುರಿನವರು ಬಾಗಿ ನಮಸ್ಕರಿಸುತ್ತಾರೆ. ಡಂಕನ್ ತಲೆಯಾಡಿಸಿದರು. ನಾನು ಸ ಗ ಪ ಹಿಡಿದು ತಿದಿ ಒತ್ತಿದೆ, ಅವರೂ ಕಮಾನು ಎಳೆದರು.

ಎರಡು ಬೆಕ್ಕುಗಳ ಬಾಲ ಒಟ್ಟಿಗೆ ತುಳಿದಂತಾಯಿತು. ನಲವತ್ತು ಜನ ಅರ್ಧ ಬಾಗಿದಲ್ಲೇ ನಿಂತರು. ಡಂಕನ್ ಕಮಾನು ಎತ್ತಿಬಿಟ್ಟರು.

"ಯಾವ ಸ್ವರದಲ್ಲಿದೀಯಮ್ಮಾ? ಇದು ಡಿ ರೀಲ್. ನನ್ನ ಅಜ್ಜನ ಕಾಲದಿಂದ ಡಿ."

ನನಗೆ ಕಿವಿಯೆಲ್ಲ ಬಿಸಿಯಾಯಿತು. ನಮ್ಮ ಮನೆಯಲ್ಲಿ ಹಾಡು ಕಲಿತವಳು ಎಂಥ ತಪ್ಪು ಮಾಡಬಲ್ಲಳೋ ಅದನ್ನೇ ನಾನು ಮಾಡಿದ್ದೆ. ಅವರಿಗೆ ಡಿ ಎಂದರೆ ಕದಲದ ಒಂದೇ ಶ್ರುತಿ; ನಮಗೆ ಸ ಎಂಬುದು ಹಾಡುವವರ ಗಂಟಲಿಗೆ ಎಲ್ಲಿ ಹಿತವೋ ಅಲ್ಲಿ. ಹಾಗಾಗಿ ಕ್ಯಾಸೆಟ್ಟಿನಲ್ಲಿ ಯಾವ ಶ್ರುತಿ ಇದ್ದರೂ ನಾನು ಸ ಎಂದು ಬರೆದು, ನನ್ನ ಪೆಟ್ಟಿಗೆಯಲ್ಲಿ ಸುಲಭಕ್ಕೆ ಸಿಗುವ ಸ ಮೇಲೆ ಕೂರಿಸಿದ್ದೆ. ಒಬ್ಬಳೇ ನುಡಿಸುವಾಗ ಅದು ತಪ್ಪಾಗಿ ಕೇಳಿಸಲು ಸಾಧ್ಯವೇ ಇರಲಿಲ್ಲ. ಈಗ ಬದಲಿಸೋಣವೆಂದರೆ ಕೆಲಸ ಮಾಡುವ ಗುಂಡಿಗಳಲ್ಲಿ ಅವರ ಸ್ವರಗಳೇ ಪೂರಾ ಇರಲಿಲ್ಲ.

"ಇದನ್ನೇ ನನ್ನ ಸ್ವರಕ್ಕೆ ನುಡಿಸೋಕೆ ಆಗುತ್ತಾ?" ಎಂದು ಮೆಲ್ಲಗೆ ಕೇಳಿದೆ.

"ನನ್ನ ಬೆರಳಿಗೆ ಗೊತ್ತಿರೋ ದಾರಿ ಒಂದೇ. ಈ ವಯಸ್ಸಲ್ಲಿ ಬೇರೆ ದಾರಿ ಕಲಿಯಲ್ಲ."

ಜೀನ್ ಆಂಟಿ ಸಾಲಿನ ಮೊದಲಲ್ಲಿ, ಒಂದು ಕೈ ಸೊಂಟದ ಮೇಲಿಟ್ಟು ನಿಂತಿದ್ದರು. ಯಾರೋ ಟೀ ಬಗ್ಗಿಸತೊಡಗಿದರು. ಪೆಟ್ಟಿಗೆ ಮುಚ್ಚಿ ಹೊರಗೆ ಹೋಗಿಬಿಡೋಣ ಅನ್ನಿಸಿತು.

ಆಗ ಗೋಡೆ ಪಕ್ಕದ ಕುರ್ಚಿಯಿಂದ ಅಪ್ಪನ ದನಿ, ಕನ್ನಡದಲ್ಲಿ:

"ನೀನು ಒಂದು ಮನೆ ಶ್ರುತೀಲಿದೀಯ, ಅವರು ಎರಡು ಮನೇಲಿದಾರೆ, ನಿನಗಿಂತ ಒಂದು ಸ್ವರ ಮೇಲೆ. ಅಷ್ಟೇ ಕಣೇ. ಪಿಟೀಲು ಇಳಿಸಿ ಅಂತ ಹೇಳು."

"ಅಪ್ಪಾ, ಅಷ್ಟು ದೊಡ್ಡವರಿಗೆ ಹೇಗೆ ಹೇಳ್ಲಿ?"

"ನಿಮ್ಮಮ್ಮ ಹಾಡೋವಾಗ ಪಕ್ಕದಲ್ಲಿ ಪಿಟೀಲಿನವರು ಏನ್ ಮಾಡ್ತಿದ್ರು? ಮೊದಲು ಶ್ರುತಿ ಕೇಳಿ, ಆಮೇಲೆ ತಂತಿ ತಿರುಗಿಸ್ತಿರ್ಲಿಲ್ವಾ? ಇವರದ್ದೂ ಅದೇ ಪಿಟೀಲು ತಾನೇ. ಹೇಳು."

ನಾನು ಡಂಕನ್ ಹತ್ತಿರ ಹೋಗಿ ಹೇಳಿದೆ: ನೀವು ಬೆರಳು ಬದಲಿಸಬೇಡಿ, ನಾಲ್ಕೂ ತಂತಿಗಳನ್ನು ಒಂದೊಂದು ಸ್ವರ ಇಳಿಸಿ, ನಿಮ್ಮ ದಾರಿಯಲ್ಲೇ ನುಡಿಸಿ. ನಮ್ಮಲ್ಲಿ ಹಾಡುವವರಿಗಾಗಿ ಪಿಟೀಲಿನವರು ಹೀಗೇ ಮಾಡುತ್ತಾರೆ.

ಅವರು ನನ್ನನ್ನೇ ದಿಟ್ಟಿಸಿದರು. "ಈ ತಂತಿಗಳನ್ನ ಯಾರೂ ಇಳಿಸಿಲ್ಲ."

"ಒಂದು ರೀಲ್‌ಗೆ ಮಾತ್ರ."

"ಡಂಕನ್, ನನ್ನ ಸೊಂಟ ಸೋಮವಾರದ ತನಕ ಕಾಯುತ್ತೆ. ನಿನ್ನ ಜಂಬ ಒಂದು ರೀಲ್ ಹೊತ್ತು ಕಾಯಲ್ವೇನೋ" ಎಂದರು ಜೀನ್ ಆಂಟಿ. ಹಾಲ್ ನಕ್ಕಿತು. ಡಂಕನ್ ಗೊಣಗುತ್ತಾ ಬಿರಡೆ ತಿರುಗಿಸಿದರು. ನಾನು ಒಂದೊಂದು ಸ್ವರ ಹಿಡಿದೆ, ಅವರು ಒಂದೊಂದು ತಂತಿ ಇಳಿಸಿದರು. ಸಡಿಲಾದ ತಂತಿಗಳು ನಿಲ್ಲದೆ ಜಾರುತ್ತಿದ್ದವು. ಎರಡು ಸಲ, ಮೂರು ಸಲ. ಅಪ್ಪ ಕುರ್ಚಿಯಿಂದಲೇ ಕೈ ತೋರಿಸುತ್ತಿದ್ದರು: ಇನ್ನೂ ಚೂರು, ಇನ್ನೂ ಚೂರು, ಸಾಕು.

ಮತ್ತೆ ಸ ಗ ಪ ಒತ್ತಿದೆ. ಈ ಸಲ ಸೂರಿನ ತಗಡಿನವರೆಗೂ ಒಂದೇ ನಾದ. ಎಲ್ಲರೂ ಪೂರ್ತಿ ಬಾಗಿದರು.

ಹೊರಟೆವು. ಮಟ್ಟನ್ನು ಎಂಟು ಸುತ್ತು ನುಡಿಸಬೇಕು, ಮಧ್ಯೆ ನಿಲ್ಲುವಂತಿಲ್ಲ. ಮೊದಲ ಸುತ್ತಿನಲ್ಲಿ ಗುಂಡಿಗಳನ್ನು ಎಣಿಸಿದೆ; ಎರಡನೆಯದರಲ್ಲಿ ಎಣಿಕೆ ಬಿಟ್ಟೆ. ನೆಲ ಕಾಲಿನ ಕೆಳಗೆ ಗುಡುಗುಡು ಎನ್ನುತ್ತಿತ್ತು, ಆ ನಡುಕವೇ ನನ್ನ ತೋಳಿಗೆ ತಾಳ ಹಾಕಿಕೊಟ್ಟಿತು. ಯಾರಿಗಾಗಿಯಾದರೂ ನುಡಿಸುವುದು ಹೀಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಜೀನ್ ಆಂಟಿ ಸಾಲಿನ ನಡುವೆ ಬಂದು, ಕೈ ಬದಲಿಸಿ, ತಿರುಗಿ, ನೋವಿದ್ದ ಬದಿಯನ್ನು ಮರೆತವರಂತೆ ಹಾರಿದರು. ಆರನೇ ಸುತ್ತಿನಲ್ಲಿ ಡಂಕನ್‌ರ ಬಿರಡೆ ಪೂರಾ ಜಾರಿತು. "ನೀನು ಹೋಗ್ತಾ ಇರು" ಎಂದು ಕೂಗಿ ಅವರು ಅದನ್ನು ಬಿಗಿಸತೊಡಗಿದರು. ಆ ಒಂದು ಸುತ್ತು ಅಷ್ಟು ಜನರ ಹೆಜ್ಜೆಗೂ ನಾನೊಬ್ಬಳೇ. ಒತ್ತು, ಎಳೆ, ಒತ್ತು, ಎಳೆ. ಒಂದು ಸ್ವರವೂ ತಪ್ಪಲಿಲ್ಲ. ಏಳಕ್ಕೆ ಪಿಟೀಲು ಬಂದು ಸೇರಿಕೊಂಡಾಗ ನಾನು ಜೋರಾಗಿ ನಕ್ಕುಬಿಟ್ಟೆ. ಜನರ ನಡುವೆ ಹಾಗೆ ನಗುವವಳಲ್ಲ ನಾನು.

ಮುಗಿದ ಮೇಲೆ ಜೀನ್ ಆಂಟಿ ಕುರ್ಚಿಯಲ್ಲಿ ಕುಸಿದರು. ಮುಖ ಕೆಂಪಾಗಿ, ಕೂದಲು ಹಣೆಗೆ ಅಂಟಿತ್ತು. "ಇನ್ನು ಯಾವ ಗರಗಸ ಬೇಕಾದ್ರೂ ಬರ್ಲಿ" ಎಂದರು. ಡಂಕನ್ ತಂತಿಗಳನ್ನು ಮೇಲೇರಿಸಲಿಲ್ಲ. "ಇನ್ನೂ ಯಾವ್ಯಾವ ಮಟ್ಟು ಬರುತ್ತೆ ಹೇಳು" ಎಂದರು. ಸಂಜೆ ಐದರವರೆಗೆ ನನಗೆ ಬರುವ ಹನ್ನೊಂದನ್ನೂ ನುಡಿಸಿದೆವು. ಅಪ್ಪ ಮೂರು ಕಪ್ ಟೀ ಕುಡಿದರು. ವಾಪಸು ಬರುವಾಗ ಕಾರಿನಲ್ಲಿ "ಅಮ್ಮಂಗೆ ನೀನೇ ಬರಿ. ನಾನು ಹೇಳಲ್ಲ" ಎಂದಷ್ಟೇ ಹೇಳಿದರು. ಅಂದೇ ನಾಲ್ಕು ಪುಟ ಬರೆದೆ.

ಆಪರೇಷನ್ ಚೆನ್ನಾಗಿ ಆಯಿತು. ಜೀನ್ ಆಂಟಿ ಆಮೇಲೆ ಕೋಲಿಲ್ಲದೆ ನಡೆಯುತ್ತಿದ್ದರು, ಗುಲಾಬಿ ಗಿಡಗಳನ್ನು ತಾವೇ ಕತ್ತರಿಸುತ್ತಿದ್ದರು, ಶನಿವಾರ ಆ ಹಾಲ್‌ಗೆ ಹೋಗಿ ಗೋಡೆ ಪಕ್ಕ ಕೂರುತ್ತಿದ್ದರು. ಡಾಕ್ಟರು ಹೇಳಿದಂತೆ ಮತ್ತೆ ಕುಣಿಯಲಿಲ್ಲ. ಅವರು ಕುಣಿದ ಕೊನೆಯ ರೀಲ್ ಎಂಟು ಸುತ್ತೂ ಪೂರ್ತಿಯಾಯಿತು. ಕೇಳಲು ನಾಚಿ ನಾನು ಪೆಟ್ಟಿಗೆ ಮುಚ್ಚಿಬಿಟ್ಟಿದ್ದರೆ ಅದು ಅರ್ಧ ನಮಸ್ಕಾರಕ್ಕೇ ನಿಲ್ಲುತ್ತಿತ್ತು.