ಚಿಕ್ಕಪ್ಪನ ಕರೆಂಟು ಪೆಟ್ಟಿಗೆ, ನನ್ನ ಗೊಂಬೆಯ ಪಾಲಿಕೆ

ಆ ಕಾಲ ಚೆನ್ನಾಗಿತ್ತು, ಜನ ಬುದ್ಧಿವಂತರಿದ್ದರು ಎಂದು ಬರೆಯುವವರನ್ನು ಕಂಡರೆ ನನಗೆ ನಗು ಬರುತ್ತದೆ. ಆಗಲೂ ದಡ್ಡರು ಬೇಕಾದಷ್ಟು ಇದ್ದರು. ಅಟ್ಟೂರಿನ ನಮ್ಮ ಮನೆಯಲ್ಲೇ ಒಬ್ಬನಿದ್ದ, ನಮ್ಮಪ್ಪನ ತಮ್ಮ ಗೋವಿಂದ ಚಿಕ್ಕಪ್ಪ. ಪೀಣ್ಯದ ಯಾವುದೋ ಫ್ಯಾಕ್ಟರಿಗೆ ಸೈಕಲ್ ತುಳಿದುಕೊಂಡು ಹೋಗಿಬರುತ್ತಿದ್ದವನು, ಜಗತ್ತಿನ ಯಂತ್ರಗಳೆಲ್ಲ ತನ್ನ ಮಾತು ಕೇಳುತ್ತವೆ ಎಂದು ನಂಬಿದ್ದ.

ಆ ವರ್ಷ ಮಾಘದ ಚಳಿಯಲ್ಲಿ ನಮ್ಮ ನಾಗತ್ತೆಯ ಮದುವೆ. ನಾಗತ್ತೆ ಅಪ್ಪನ ತಂಗಿ, ಗಂಡು ರಾಜಾನುಕುಂಟೆಯವನು. ನಮ್ಮಲ್ಲಿ ಮದುವೆಗೆ ಮುಂಚೆ ಪಾಲಿಕೆ ಹಾಕುತ್ತಾರೆ. ಮಣ್ಣಿನ ಕುಡಿಕೆಗಳಲ್ಲಿ ನವಧಾನ್ಯ ಬಿತ್ತಿ, ಬೆಳಕು ಬೀಳದ ಮೂಲೆಯಲ್ಲಿ ಬುಟ್ಟಿ ಮುಚ್ಚಿಟ್ಟರೆ, ಧಾರೆಯ ಹೊತ್ತಿಗೆ ಮೊಳಕೆ ಅರಿಶಿನದ ಬಣ್ಣಕ್ಕೆ ಎದ್ದು ನಿಲ್ಲಬೇಕು. ಮೊಳಕೆ ಗಿಡ್ಡವಾದರೆ ಹೆಣ್ಣಿನ ಕಾಲ್ಗುಣ ಗಿಡ್ಡ! ಬೀಗರ ಕಡೆಯ ಹೆಂಗಸರು ಊಟಕ್ಕಿಂತ ಮೊದಲು ಅದನ್ನೇ ನೋಡುತ್ತಿದ್ದರು.

ಚಳಿಗೆ ಮೊಳಕೆ ಏಳುತ್ತದೋ ಇಲ್ಲವೋ ಎಂದು ಅಜ್ಜಿಗೆ ಚಿಂತೆ. ಚಿಕ್ಕಪ್ಪ ಮೀಸೆ ತೀಡಿಕೊಂಡ.

"ನೀನು ಸುಮ್ಕಿರವ್ವ. ಕರೆಂಟ್ ಬಂದೈತೆ, ಇನ್ನೂ ಬುಟ್ಟಿ ಮುಚ್ತೀನಿ ಅಂತೀಯಲ್ಲ! ಒಂದು ಪೆಟ್ಟಿಗೆ ಮಾಡ್ತೀನಿ ನೋಡು. ಬೀಗ್ರು ಬಾಯಿ ಬಿಡ್ಬೇಕು."

ಫ್ಯಾಕ್ಟರಿಯಲ್ಲಿ ಬಿಸಾಡಿದ್ದ ಮರದ ಪೆಟ್ಟಿಗೆಯೊಂದನ್ನು ಸೈಕಲ್ ಹಿಂದೆ ಕಟ್ಟಿಕೊಂಡು ಬಂದ. ಸಿಗರೇಟು ಪೊಟ್ಟಣದೊಳಗಿನ ಬೇಗಡೆಯನ್ನು ಒಳಗೆಲ್ಲ ಅಂಟಿಸುವ ಕೆಲಸ ನನಗೆ ಬಿತ್ತು. ಮೈದಾ ಅಂಟಿನ ಹುಳಿ ವಾಸನೆ, ತಂಬಾಕಿನ ಘಾಟು ಸೇರಿ ತಲೆ ಸುತ್ತುತ್ತಿತ್ತು. ಒಳಗೆ ಎರಡು ದೊಡ್ಡ ಬಲ್ಬು ತೂಗುಬಿಟ್ಟ, ಬಿತ್ತಿದ ಕುಡಿಕೆಗಳನ್ನು ಇಟ್ಟ, ಮುಚ್ಚಳ ಜಡಿದ. "ಯಾರಾದ್ರೂ ತೆಗೆದ್ರೆ ಕೈ ಮುರೀತೀನಿ" ಎಂದು ಹೇಳಿ ಕೆಲಸಕ್ಕೆ ಹೋದ.

ನನಗೂ ಒಂದು ಮದುವೆ ಇತ್ತು. ನನ್ನ ಹೆಣ್ಣು ಗೊಂಬೆಗೂ ಪಕ್ಕದ ಮನೆ ರತ್ನಳ ಗಂಡು ಗೊಂಬೆಗೂ ಮಾತಾಗಿತ್ತು. ರತ್ನ ಥೇಟ್ ಬೀಗಿತ್ತಿಯ ಹಾಗೆ ಮೂತಿ ತಿರುವುತ್ತಿದ್ದಳು. "ಪಾಲಿಕೆ ಇಲ್ಲಾಂದ್ರೆ ನಮ್ಮುಡ್ಗ ತಾಳಿ ಕಟ್ಟಲ್ಲ ಕಣೇ" ಎಂದು ಷರತ್ತು ಹಾಕಿದ್ದಳು. ಅಜ್ಜಿಯ ಹತ್ತಿರ ಮಿಕ್ಕ ಕಾಳು ಬೇಡಿ, ತೆಂಗಿನ ಕರಟಗಳಲ್ಲಿ ಬಿತ್ತಿ, ಕೊಟ್ಟಿಗೆಯ ಮೂಲೆಯಲ್ಲಿ ಹಸುಗಳ ಉಸಿರಿನ ಬಿಸಿ ತಾಗುವ ಕಡೆ ಮಂಕರಿ ಬುಟ್ಟಿ ಬೋರಲು ಹಾಕಿದೆ. ದಿನಾ ಬಾಯಲ್ಲಿ ನೀರು ತುಂಬಿಕೊಂಡು ಹೋಗಿ ಫೂ ಎಂದು ಚಿಮುಕಿಸಿ ಬರುತ್ತಿದ್ದೆ.

ಇತ್ತ ಪೆಟ್ಟಿಗೆಯಿಂದ ಘಮಘಮ ವಾಸನೆ ಶುರುವಾಯಿತು.

"ಏನ್ಲಾ ಇದು, ಉರಿಗಡ್ಲೆ ವಾಸ್ನೆ ಬತ್ತೈತೆ?" ಎಂದಳು ಅಜ್ಜಿ.

"ಅದು ಬೆಳೆಯೋ ವಾಸ್ನೆ ಕಣವ್ವ. ನಿಂಗೆ ಗೊತ್ತಾಗಲ್ಲ."

ಮದುವೆಯ ಹಿಂದಿನ ದಿನ ಚಪ್ಪರಕ್ಕೆ ಸೊಪ್ಪು ಹೊದಿಸುತ್ತಿದ್ದಾಗ ಚಿಕ್ಕಪ್ಪ ಪೆಟ್ಟಿಗೆಯ ಮುಚ್ಚಳ ತೆಗೆದ. ಕುಡಿಕೆಯ ಮಣ್ಣು ಇಟ್ಟಿಗೆಯಾಗಿತ್ತು. ಅವರೆಕಾಳು ಸಿಪ್ಪೆ ಬಿರಿದು ಕೆಂಪಗೆ ಹುರಿದಿತ್ತು. ಅಜ್ಜಿ ಒಂದು ಕಾಳು ಬಾಯಿಗೆ ಹಾಕಿಕೊಂಡು ಕಟುಮ್ ಎನಿಸಿದಳು.

"ಉಪ್ಪು ಕಾರ ಆಕು. ಬೀಗ್ರಿಗೆ ಎಲೆ ಮ್ಯಾಗೆ ಬಡಿಸಾನ."

ನಾಗತ್ತೆ ಗೋಡೆಗೆ ಮುಖ ಮಾಡಿ ಅಳತೊಡಗಿದಳು. ಚಿಕ್ಕಪ್ಪ ಮಾತ್ರ "ವೋಲ್ಟೇಜ್ ಜಾಸ್ತಿ ಆಗೈತೆ" ಎಂದು ಬಲ್ಬಿಗೆ ಬೈಯುತ್ತಿದ್ದ. ಒಮ್ಮೆಯಾದರೂ ತಂಗಿಯ ಕಡೆ ತಿರುಗಿ ನೋಡಬೇಕಲ್ಲ, ಪುಣ್ಯಾತ್ಮ!

ಅಜ್ಜಿ ಎದ್ದು ಸೀದಾ ಕೊಟ್ಟಿಗೆಗೆ ನಡೆದಳು. ನನಗೆ ಅರ್ಥವಾಗಿ ಹಿಂದೆ ಓಡಿದೆ. ಮಂಕರಿ ಎತ್ತಿದರೆ, ಕರಟಗಳ ತುಂಬ ಮೊಳಕೆ ನವಿರಾಗಿ, ಹಳದಿಯಾಗಿ, ಒಂದನ್ನೊಂದು ತಳ್ಳಿಕೊಂಡು ನಿಂತಿತ್ತು.

"ಅದು ನನ್ನ ಗೊಂಬೇದು!"

"ನಿನ್ನ ಗೊಂಬೆ ನಾಳೆ ಬೀಗ್ರ ಮನೇಲಿ ಮಾತು ಕೇಳ್ಬೇಕಾ? ನಿಮ್ಮತ್ತೆ ಕೇಳ್ಬೇಕು. ಬಿಡು ಕೈಯ."

ಬಿಟ್ಟೆ. ಕರಟ ತಟ್ಟಿ, ಮಣ್ಣು ಸಮೇತ ಎತ್ತಿ ಕುಡಿಕೆಗಳಿಗೆ ಕೂರಿಸಿದಳು.

ಮಾರನೆಯ ದಿನ ಗಂಡಿನ ಸೋದರತ್ತೆ ಬಗ್ಗಿ ನೋಡಿ, "ಅಬ್ಬಾ, ಚಿನ್ನದ್ ತಂತಿ ಇದ್ದಂಗವೆ! ಯಾರವ್ವ ಆಕಿದ್ದು?" ಎಂದಳು.

"ಎಲ್ಲಾ ಕರೆಂಟಿನ ಮಹಿಮೆ. ಪೆಟ್ಟಿಗೆ ನಾನೇ ಮಾಡ್ದೆ" ಎಂದ ಚಿಕ್ಕಪ್ಪ, ನಾಚಿಕೆಯ ಗಾಳಿಯೂ ಸೋಕದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅದರೊಳಗೆ ಒಂದು ಎಳ್ಳಿನ ಚಿಗಳಿ ಉಂಡೆ ತುರುಕಿದಳು. ನಿಜ ಹೇಳಿದರೆ ಗೊಂಬೆಯಾಟದ ಎಂಜಲು ಪಾಲಿಕೆ ಎಂದು ಅತ್ತೆಗೇ ಕುತ್ತು. ಉಂಡೆ ನುಂಗಿದೆ, ಮಾತನ್ನೂ ನುಂಗಿದೆ. ಬೀಗರು ಚಿಕ್ಕಪ್ಪನನ್ನು ಸುತ್ತುವರಿದು ಬಲ್ಬಿನ ವಿಷಯ ಕೇಳುತ್ತಿದ್ದರು. ದಡ್ಡನಿಗೆ ಶಿಷ್ಯರಿಗೇನು ಬರ!

ಧಾರೆ ಮುಗಿದ ಮೇಲೆ ಮದುಮಕ್ಕಳ ಜೊತೆ ಎಲ್ಲರೂ ಪಾಲಿಕೆ ಬಿಡಲು ಕೆರೆಗೆ ಹೋದೆವು. ಮೊಳಕೆ ನೀರಿನಲ್ಲಿ ಕೂದಲ ಹಾಗೆ ಹರಡಿಕೊಂಡು ತೇಲಿತು. ನಾಗತ್ತೆ ಒದ್ದೆ ಕೈಯಲ್ಲಿ ನನ್ನ ಕಿವಿ ಹಿಡಿದು ಹತ್ತಿರ ಎಳೆದುಕೊಂಡಳು.

"ಯಾರ್ದು ಅಂತ ನಂಗೊತ್ತು ಕಣೇ. ಆಷಾಢಕ್ಕೆ ಬತ್ತೀನಿ. ನಿನ್ನ ಗೊಂಬೆಗೆ ನಾನೇ ಆಕ್ಕೊಡ್ತೀನಿ."

ಬಂದಳು, ಹಾಕಿಯೂ ಕೊಟ್ಟಳು. ಅಷ್ಟರಲ್ಲಿ ರತ್ನ ತನ್ನ ಗಂಡು ಗೊಂಬೆಯನ್ನು ಹಿಂದಿನ ಬೀದಿಯ ಹುಡುಗಿಯ ಗೊಂಬೆಗೆ ಕೊಟ್ಟು ಕೈ ತೊಳೆದುಕೊಂಡಿದ್ದಳು. ನಾನೂ ನಾಗತ್ತೆಯೂ ಆ ಮೊಳಕೆ ತೆಗೆದುಕೊಂಡು ಹೋಗಿ, ಮದುವೆಯೇ ಇಲ್ಲದೆ, ಸುಮ್ಮನೆ ಕೆರೆಗೆ ಬಿಟ್ಟು ಬಂದೆವು. ದಾರಿಯುದ್ದಕ್ಕೂ ನಕ್ಕಿದ್ದೇ ನಕ್ಕಿದ್ದು.

ಈಗ ನಾಗತ್ತೆ ಇಲ್ಲ. ಕೊಟ್ಟಿಗೆ ಇದ್ದ ಜಾಗದಲ್ಲಿ ನಾಲ್ಕಂತಸ್ತಿನ ಬಾಡಿಗೆ ಮನೆಗಳು. ಕೆರೆಗೆ ತಂತಿಬೇಲಿ. ಮೊನ್ನೆ ದೊಡ್ಡಬಳ್ಳಾಪುರ ರಸ್ತೆಯ ಕಲ್ಯಾಣಮಂಟಪದಲ್ಲಿ ನಡೆದ ನೆಂಟರ ಹುಡುಗಿಯ ಮದುವೆಗೆ ಹೋಗಿದ್ದೆ. ಅಲ್ಲೂ ಪಾಲಿಕೆ ಇತ್ತು: ಹಿತ್ತಾಳೆ ಬಟ್ಟಲು, ಹಸಿರು ಪ್ಲಾಸ್ಟಿಕ್ ಮೊಳಕೆ. ಡೆಕೊರೇಷನ್ನಿನವರು ವ್ಯಾನಿನಲ್ಲಿ ತಂದದ್ದು. ನೀರಿಗೆ ಬಿಡುವ ಶಾಸ್ತ್ರಕ್ಕೆ ಒಂದು ಟಬ್ಬು. ಅದ್ದಿದರು, ಒರೆಸಿದರು, ಮತ್ತೆ ಡಬ್ಬಕ್ಕೆ ತುಂಬಿದರು.

"ಚೆನ್ನಾಗಿದೆ ಅಲ್ವಾ ಅಜ್ಜಿ? ಒಣಗೋದೇ ಇಲ್ಲ" ಎಂದಳು ಮದುಮಗಳು.

"ಹೆಂಗೆ ಒಣಗ್ತದೆ ಕಣಮ್ಮ" ಎಂದೆ. "ಬೆಳೆದಿದ್ರೆ ತಾನೆ!"