ಶಿವಯೋಗಿಯ ಕ್ಯಾಮೆರಾ, ಈರಕ್ಕನ ಮೊಳೆ

ದೇವರಿಗೂ ಸತ್ತವರಿಗೂ ಚೌಕಟ್ಟು ಹಾಕುವುದು ನನ್ನ ಕಸುಬು. ಹಳಿಯಾಳದ ಪೇಟೆಯಲ್ಲಿ ನನ್ನದು ಗಾಜು-ಫ್ರೇಮಿನ ಅಂಗಡಿ, ಪಕ್ಕದ್ದು ಶಿವಯೋಗಿಯ ಫೋಟೋ ಸ್ಟುಡಿಯೋ. ನಡುವೆ ಇರುವುದು ಒಂದೇ ಗೋಡೆ. ಅವನು ಅಲ್ಲಿ ಸೀನಿದರೆ ನನ್ನ ಗಾಜು ಝಣ್ ಅನ್ನುತ್ತದೆ. ಹೀಗಾಗಿ ಅವನ ವಿಷಯ ಹೇಳುವ ಹಕ್ಕು ಅವನ ಹೆಂಡತಿ ನಿರ್ಮಲಾಳಿಗಿಂತ ನನಗೇ ಒಂದು ಕೈ ಹೆಚ್ಚು. ಆಕೆ ಪುಣ್ಯವಂತೆ, ಹಗಲು ಹೊತ್ತು ಅವನ ಮಾತು ಕೇಳಬೇಕಾಗಿಲ್ಲ.

ಅವನ ತಂದೆ ಸೋಮಪ್ಪನವರ ಕಾಲದಿಂದಲೂ ಆ ಸ್ಟುಡಿಯೋ ಇದೆ. ಆಗ ಹಿಂದಿನ ಪರದೆಯ ಮೇಲೆ ಒಂದು ಕೆರೆ, ಎರಡು ಹಂಸ. ಸೋಮಪ್ಪನವರು ಬಟನ್ ಒತ್ತುವ ಮೊದಲು "ಉಸರ ಹಿಡೀರಿ" ಎನ್ನುತ್ತಿದ್ದರು, ಒತ್ತಿದ ಮೇಲೆ "ಬಿಡ್ರಿ" ಎನ್ನುವುದನ್ನು ಮರೆಯುತ್ತಿದ್ದರು. ಆ ಕಾಲದ ನಮ್ಮೂರ ಮದುವೆ ಫೋಟೋ ಯಾವುದನ್ನೇ ತೆಗೆಯಿರಿ, ಮದುಮಗನಿಂದ ಹಿಡಿದು ಬೀಗರವರೆಗೆ ಎಲ್ಲರೂ ಗಲ್ಲ ಉಬ್ಬಿಸಿಕೊಂಡು ನಿಂತವರೇ. ನನ್ನ ಮದುವೆ ಫೋಟೋದಲ್ಲಿ ನನ್ನ ಎರಡೂ ಕಣ್ಣು ಹೊರಗೆ ಬಂದಿವೆ. ಗಂಡನನ್ನು ನೋಡಿ ಹೆದರಿದ್ದು ಅಂತ ಜನ ತಿಳಿಯುತ್ತಾರೆ. ಹಾಗೇನಿಲ್ಲ, ಉಸಿರು ಕಟ್ಟಿದ್ದು.

ಶಿವಯೋಗಿಗೆ ಅಪ್ಪನಿಂದ ಬಂದ ಆಸ್ತಿ ಎಂದರೆ ಅವನ ಕೈ. ತುಂಬಿದ ಚಹಾದ ಬಸಿ ಹಿಡಿದು ಸಂತೆಯ ದಿನ ರಸ್ತೆ ದಾಟಿದರೂ ಒಂದು ಹನಿ ಚೆಲ್ಲುವುದಿಲ್ಲ. ಮಂಟಪದಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ನೂಕುನುಗ್ಗಲಲ್ಲಿ ಎಲ್ಲರೂ ಓಲಾಡುತ್ತಿದ್ದರೆ ಅವನೊಬ್ಬ ಕಂಬದ ಹಾಗೆ ನಿಂತಿರುತ್ತಿದ್ದ. ಬಾಯಿಯೊಂದು ಬಿಟ್ಟರೆ ಅವನ ಮೈಯಲ್ಲಿ ಸುಮ್ಮನೆ ಅಲುಗುವ ಅಂಗವೇ ಇಲ್ಲ.

ಮದುವೆಗೆ ಕರೆದಷ್ಟೇ ಅವನನ್ನು ಮಣ್ಣಿಗೂ ಕರೆಯುತ್ತಾರೆ. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ವಿಭೂತಿ ಹಚ್ಚಿ, ಹೂವು ಹಾಕಿ, ಗೋಡೆಗೆ ಒರಗಿಸಿ ಕೂಡಿಸಿ, ಸುತ್ತ ಮನೆಮಂದಿ ನಿಂತು ಒಂದು ಫೋಟೋ ತೆಗೆಸುವುದು ರೂಢಿ. ಬದುಕಿದ್ದಾಗ ಒಂದು ನೆಟ್ಟಗಿನ ಫೋಟೋ ತೆಗೆಸಿಕೊಳ್ಳದವರದು ಆಮೇಲೆ ಅದನ್ನೇ ಕತ್ತರಿಸಿ, ದೊಡ್ಡದು ಮಾಡಿ, ನನ್ನ ಬಳಿ ತರುತ್ತಾರೆ. ಕಣ್ಣು ಮುಚ್ಚಿದ ಮುಖಕ್ಕೆ ಗಾಜು ಕೂಡಿಸುವಾಗ ನನಗೆ ಸಂಕಟವಾಗುತ್ತದೆ, ಆದರೂ ಕೂಡಿಸುತ್ತೇನೆ.

ಇಂಥ ಶಿವಯೋಗಿ ಹುಬ್ಬಳ್ಳಿಯಲ್ಲಿ ಯಾರೋ ನಡೆಸಿದ ಫೋಟೋಗ್ರಾಫರ್‌ಗಳ ಶಿಬಿರಕ್ಕೆ ಹೋಗಿ ಬಂದ. ಬರುವಾಗ ಮೈಮೇಲೆ ದೇವರು ಬಂದಿತ್ತು. ಹಳೆಯ ಕ್ಯಾಮೆರಾ ಮಾರಿ ಮಿರರ್‌ಲೆಸ್ ಅನ್ನುವ ಹೊಸ ಕ್ಯಾಮೆರಾ ತಂದ. ಅದರ ಹೊಟ್ಟೆಯೊಳಗೆ ಸ್ಟೆಬಿಲೈಸೇಶನ್ ಎಂಬ, ಅಲುಗಾಟ ನಿಲ್ಲಿಸುವ ಯಂತ್ರ ಇದೆಯಂತೆ. ಚಿತ್ರ ಬೀಳುವ ಬಿಲ್ಲೆ ಒಳಗೆ ತೇಲುತ್ತಿರುತ್ತದಂತೆ, ಹಿಡಿದವನ ಕೈ ಎಡಕ್ಕೆ ಜರುಗಿದರೆ ಅದು ಬಲಕ್ಕೆ ಜರುಗಿ ಸರಿದೂಗಿಸುತ್ತದಂತೆ. ಇನ್ನು ಮೇಲೆ ಫ್ಲ್ಯಾಶೂ ಬೇಡ, ಸ್ಟ್ಯಾಂಡೂ ಬೇಡ, ಮಬ್ಬುಗತ್ತಲಲ್ಲಿ ಶಟರ್ ಅರ್ಧ ಸೆಕೆಂಡು ತೆರೆದಿಟ್ಟು ಕೈಯಲ್ಲೇ ಹಿಡಿದು ಹೊಡೆದರೂ ಫೋಟೋ ಕಲ್ಲಿನಂತೆ ಗಟ್ಟಿ ಎಂದ. ಎಂದವನು ಇದ್ದ ಫ್ಲ್ಯಾಶು, ಸ್ಟ್ಯಾಂಡು, ಎರಡು ಕೊಡೆ ದೀಪ ಎಲ್ಲವನ್ನೂ ಮುಂಡಗೋಡದ ಒಬ್ಬನಿಗೆ ಮಾರಿಬಿಟ್ಟ. ಬಾಗಿಲಿಗೆ ಬೋರ್ಡು ಬಂತು: "ನಡುಗದ ಫೋಟೋ, ಇಡೀ ತಾಲೂಕಿಗೆ ನಮ್ಮಲ್ಲಿ ಮಾತ್ರ."

ಆಮೇಲೆ ಶುರುವಾಯಿತು ಕಷ್ಟ. ಯಂತ್ರ ಚಾಲೂ ಇಟ್ಟು ಒಂದು, ಬಂದ್ ಮಾಡಿ ಒಂದು, ನನ್ನ ಅಂಗಡಿಯ ಹಲಗೆಯ ಫೋಟೋ ತೆಗೆದು ತೋರಿಸಿದ. ಎರಡೂ ಒಂದೇ.

"ಯಾವುದು ಯಾವುದೋ?" ಎಂದು ಕೇಳಿದೆ.

"ತಡೀರಿ ಅಕ್ಕಾ," ಎಂದು ತಲೆ ಕೆರೆದುಕೊಂಡ. ಅವನಿಗೂ ಗೊತ್ತಾಗಲಿಲ್ಲ. ಅಲುಗದ ಕೈಗೆ ಅಲುಗಾಟ ನಿಲ್ಲಿಸುವ ಯಂತ್ರ ಏನು ತಾನೇ ಮಾಡೀತು? ಗಿರಾಕಿಗೆ ಯಂತ್ರದ ಬೆಲೆ ತೋರಿಸಬೇಕಲ್ಲ, ಪಾಪ, ಆ ಹುಟ್ಟು ಕಂಬ ಕೈ ನಡುಗಿಸುವುದನ್ನು ಅಭ್ಯಾಸ ಮಾಡತೊಡಗಿದ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಸ್ಟುಡಿಯೋದಲ್ಲಿ ಒಬ್ಬನೇ ಚಳಿಜ್ವರ ಬಂದವನ ಹಾಗೆ ಕೈ ಗಡಗಡ ಮಾಡುತ್ತ ನಿಂತಿದ್ದನ್ನು ಕಂಡು ನಿರ್ಮಲಾ ಡಾಕ್ಟರನ್ನು ಕರೆಸಲು ಹೊರಟಿದ್ದಳು. ಅನಮೋಡ ಘಟ್ಟದಲ್ಲಿ ಓಡುವ ಬಸ್ಸಿನಿಂದ ಮರಗಳ ಫೋಟೋ ತೆಗೆದು ತಂದು ವಾರಗಟ್ಟಲೆ ಎಲ್ಲರಿಗೂ ತೋರಿಸಿದ. ಮರಗಳ ಫೋಟೋ ಯಾರಿಗೆ ಬೇಕು? ಅವು ಯಾವತ್ತು ಯಾರ ಗೋಡೆಗೆ ಬಂದಾವು?

ಮದುವೆಗಳ ಆಲ್ಬಮ್ ನೋಡಬೇಕು ನೀವು. ಮಂಟಪ ಗಟ್ಟಿ, ತೆಂಗಿನ ಗರಿ ಗಟ್ಟಿ, ಖುರ್ಚಿಯ ಹಿಂದೆ ಬರೆದ ಪೆಂಡಾಲಿನವನ ಹೆಸರು ಗಟ್ಟಿ. ಓಡಾಡುವ ಮಂದಿಯೆಲ್ಲ ಹೊಗೆ. ಮದುಮಗಳ ತಾಯಿಗೆ ಮೂರು ಕೈ.

"ಇದೇನೋ ಇದು?" ಎಂದೆ.

"ಅದು ಕಲಾ, ಅಕ್ಕಾ," ಎಂದ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಇದ್ದ ಕೊಡೆ ದೀಪವನ್ನೂ ಮಾರಿಕೊಂಡು ಕೂತಿದ್ದ.

ಆ ಬೋರ್ಡಿನ ಸುದ್ದಿ ತೇರಗಾಂವದ ಈರಕ್ಕನ ಕಿವಿಗೂ ಬಿತ್ತು. ಈರಕ್ಕನ ಗಂಡ ಚನಬಸಪ್ಪ ತೀರಿಹೋಗಿ ಬಹಳ ವರ್ಷವಾಯಿತು, ಅವನ ಫೋಟೋಕ್ಕೆ ಚೌಕಟ್ಟು ಹಾಕಿದ್ದು ನಮ್ಮ ಅಂಗಡಿಯೇ. ಈರಕ್ಕನ ತಲೆ ಸದಾ ಅಲುಗುತ್ತಿರುತ್ತದೆ, ಎಡಕ್ಕೆ, ಬಲಕ್ಕೆ, ಬೇಡ ಬೇಡ ಎನ್ನುವ ಹಾಗೆ. ಅದೊಂದು ಜಡ್ಡು, ಔಷಧಕ್ಕೆ ಬಗ್ಗಿಲ್ಲ. ಮೊಮ್ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು "ಅಜ್ಜಿಗೆ ಸಂಬಂಧ ಒಪ್ಪಿಗಿ ಇಲ್ಲ" ಎಂದು ಅವಲಕ್ಕಿ ಬಿಟ್ಟು ಎದ್ದಿದ್ದರಂತೆ. ಗುರುತಿನ ಚೀಟಿಯಿಂದ ಹಿಡಿದು ಮಗನ ಮದುವೆಯವರೆಗೆ ಈರಕ್ಕನ ಎಷ್ಟು ಫೋಟೋ ಇವೆಯೋ ಅಷ್ಟರಲ್ಲೂ ಮುಖವಿಲ್ಲ, ಬರೀ ಮಸುಕು.

ಆಕೆ ಸೊಸೆ ಶಿವಗಂಗಾಳನ್ನು ಕರೆದುಕೊಂಡು ಬೆಳಗಿನ ಬಸ್ಸಿಗೇ ಬಂದಳು. ಇಳಕಲ್ ಸೀರೆ, ಹಣೆ ತುಂಬ ವಿಭೂತಿ. ಮೊದಲು ನನ್ನ ಅಂಗಡಿಗೆ ಬಂದು ಕೂತು ನೀರು ಕುಡಿದಳು.

"ಸುನಂದಾ, ನಾ ಗ್ವಾಡಿಗೆ ಮೊಳಿ ಹೊಡಿಸೇನಿ," ಎಂದಳು. "ನಮ್ಮ ಯಜಮಾನನ ಫೋಟೋದ ಬಾಜೂಕ. ಅದಕ್ಕ ನಂದೊಂದು ಮುಖಾ ಬೇಕು."

"ಈಗ್ಯಾಕ ಅವಸರ ಈರಕ್ಕಾ?"

"ಅವಸರ ಐತಿ. ನಮ್ಮ ನೆಗೆಣ್ಣಿದು ಏನಾತು ನೋಡಿದಿಲ್ಲ? ಮಣ್ಣಿನ ದಿನ ತಗದ ಫೋಟೋನ ತೂಗು ಹಾಕ್ಯಾರ. ಹಬ್ಬದಾಗ ಹೋಳಿಗಿ ಎಡಿ ತೋರಸ್ತಾರ, ಅಕಿ ಕಣ್ಣ ಮುಚ್ಚಿಕೊಂಡು ಕುಂತಾಳ. ಮೊಮ್ಮಕ್ಕಳು ಅದರ ಮುಂದ ಹಾಯಾಕ ಅಂಜತಾವ. ನಾ ಹಂಗ ಕುಂಡ್ರಾಕಿ ಅಲ್ಲ. ನನ್ನ ಕಣ್ಣ ತೆರದಿರಬೇಕು."

ಆಕೆಯ ತಲೆ ಬೇಡ ಬೇಡ ಎನ್ನುತ್ತಲೇ ಇತ್ತು, ಬಾಯಿ ಬೇಕು ಬೇಕು ಎನ್ನುತ್ತಿತ್ತು. ಆ ನೆಗೆಣ್ಣಿಯ, ಎಂದರೆ ವಾರಗಿತ್ತಿಯ, ಫೋಟೋ ತೆಗೆದವನು ಶಿವಯೋಗಿ, ಗಾಜು ಹಾಕಿದವಳು ನಾನು.

ಸ್ಟುಡಿಯೋಕ್ಕೆ ಹೋದೆವು. ಅಲ್ಲಿ ಆಗಲೇ ಇಬ್ಬರು ಗಿರಾಕಿಗಳಿದ್ದರು, ಯಂತ್ರದ ಪುರಾಣ ನಡೆದಿತ್ತು. ಈರಕ್ಕ ನೇರವಾಗಿ ಕೇಳಿದಳು, "ತಮ್ಮಾ, ಅಲುಗಾಟ ನಿಲ್ಲಸೂ ಮಷೀನ್ ತಂದೀಯಂತ. ನನ್ನ ತಲಿ ನಿಲ್ಲಸ್ತೈತೇನು?"

ಅದು ಆಗದ ಮಾತು ಎಂದು ಅವನಿಗೆ ಗೊತ್ತಿತ್ತು. ನೆಟ್ಟಗೆ ಗೊತ್ತಿತ್ತು. ಆದರೆ ಗಿರಾಕಿಗಳು ನೋಡುತ್ತಿದ್ದರು, ಬೋರ್ಡು ಬಾಗಿಲಲ್ಲೇ ಇತ್ತು. "ಆಯಿ, ಈ ಕ್ಯಾಮೆರಾದ ಮುಂದ ಭೂಕಂಪ ಆದ್ರೂ ನಡೀತೈತಿ. ಬರ್ರಿ, ಕುಂಡ್ರಬರ್ರಿ," ಎಂದುಬಿಟ್ಟ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇಂಥವರನ್ನು ನೋಡಿಯೇ.

ಹೊಡೆದ. ಸೀರೆಯ ಅಂಚಿನ ಎಳೆ ಎಳೆ ಎಣಿಸಬಹುದಿತ್ತು. ಮಡಿಲಲ್ಲಿಟ್ಟ ಕೈಯ ಮೇಲಿನ ಹಚ್ಚೆ ಓದಬಹುದಿತ್ತು. ಮುಖ ಇರಬೇಕಾದಲ್ಲಿ ಮಜ್ಜಿಗೆ ಕಡೆದ ಹಾಗೆ ಕಾಣುತ್ತಿತ್ತು. ಇನ್ನೊಂದು ಹೊಡೆದ, ಮತ್ತೊಂದು ಹೊಡೆದ. ಶಿವಗಂಗಾಳನ್ನು ಹಿಂದೆ ನಿಲ್ಲಿಸಿ ತಲೆ ಹಿಡಿಸಿದ. ಅತ್ತೆಯ ತಲೆಯನ್ನು ಅಷ್ಟು ಬಿಗಿಯಾಗಿ ಹಿಡಿಯುವ ಅವಕಾಶ ಆ ಸೊಸೆಗೆ ಸಿಕ್ಕಿದ್ದು ಅದೇ ಮೊದಲಿರಬೇಕು, ಸಾಕು ಬಿಡು ಎಂದರೂ ತುಸು ಹೊತ್ತು ಬಿಡಲಿಲ್ಲ. ಆ ಫೋಟೋದಲ್ಲಿ ಅತ್ತೆ ಸೊಸೆ ಇಬ್ಬರೂ ಮಜ್ಜಿಗೆ.

ಈಗ ಹೇಳದೆ ಗತಿಯಿರಲಿಲ್ಲ. "ಆಯಿ, ಖರೇ ಅಂದ್ರ ಇದು ಕ್ಯಾಮೆರಾ ಹಿಡದಾವನ ಅಲುಗಾಟ ನಿಲ್ಲಸ್ತೈತಿ," ಎಂದ.

"ಅಂದ್ರ ನಿನ್ನ ಅಲುಗಾಟ?"

"ಹೂಂ."

ಈರಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿನಗೆಲ್ಲಿ ಅಲುಗಾಟ ಐತೋ ತಮ್ಮಾ? ಎತ್ತ ಇದ್ದಂಗ ಅದಿ. ಹಲ್ಲಿದ್ದಾವಗ ಕಡ್ಲಿ ಇಲ್ಲ, ಕಡ್ಲಿ ಇದ್ದಾವಗ ಹಲ್ಲಿಲ್ಲ ಅಂದಂಗ ಆತು."

ಗಿರಾಕಿಗಳು ನಕ್ಕರು. ಅಲ್ಲಿಗಾದರೂ ಸುಮ್ಮನಾಗಬೇಕೋ ಬೇಡವೋ? ಮಾನ ಹೋಗುತ್ತದಲ್ಲ, ಕಂಪ್ಯೂಟರಿಗೆ ಕೂತ. ಈಗ ಅದರಲ್ಲೊಂದು ಪ್ರೋಗ್ರಾಮ್ ಬಂದಿದೆ, ಮಸುಕಾದ ಮುಖ ಕೊಟ್ಟರೆ ಅದೇ ಊಹೆ ಮಾಡಿ ಮುಖ ತಯಾರಿಸಿ ಕೊಡುತ್ತದೆ. ತಯಾರಾಯಿತು. ಸುಕ್ಕೆಲ್ಲ ಇಸ್ತ್ರಿ ಹೊಡೆದ ಹಾಗೆ ಹೋಗಿತ್ತು, ತುಟಿಗೆ ಕೆಂಪು ಬಂದಿತ್ತು, ಬಾಯಿತುಂಬ ಹಲ್ಲು. ಶಿವಯೋಗಿ ಹೆಮ್ಮೆಯಿಂದ ಪರದೆ ತಿರುಗಿಸಿದ.

ಈರಕ್ಕ ಹತ್ತಿರ ಹೋಗಿ ನೋಡಿದಳು. "ಇಕಿ ಯಾರ?"

"ನೀವ ಅದೀರಿ ಆಯಿ."

"ನನ್ನ ಮೊಳಿಗೆ ಇಕಿನ್ನ ತೂಗು ಹಾಕ್ತೀಯಾ? ಸತ್ತ ಇಷ್ಟ ವರ್ಷದ ಮ್ಯಾಲ ನನ್ನ ಗಂಡಗ ಇನ್ನೊಂದ ಲಗ್ನಾ ಮಾಡಾವ ಅದಿಯೇನು?"

ಈ ಸಲ ನಾನೂ ನಕ್ಕೆ. ಆದರೆ ಈರಕ್ಕ ನಗುತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದಳು. "ನಡಿ ಶಿವಗಂಗಾ, ಹೋಗೂಣು. ಇರಲಿ ಬಿಡು ತಮ್ಮಾ, ನಿಂದೇನು ತಪ್ಪಿಲ್ಲ. ನಾ ಹ್ವಾದ ದಿನ ನಿನ್ನ ಕರಸ್ತಾರಲ್ಲ, ಅವತ್ತ ಅಲುಗಾಡೂದಿಲ್ಲ. ಅವತ್ತ ಛಲೋ ಬರ್ತೈತಿ."

ಶಿವಯೋಗಿಯ ಬಾಯಿ ಕಟ್ಟಿತು. ನಾನು ಅವನನ್ನು ಎಳವೆಯಿಂದ ನೋಡಿದವಳು, ಅವನ ಬಾಯಿ ಕಟ್ಟಿದ್ದನ್ನು ಕಂಡದ್ದು ಅಂದೇ. ಕೂಡಿಸಿದ ಹೆಣಗಳ ಎದುರು ಎಷ್ಟು ಸಲ ನಿಂತಿದ್ದಾನೋ, ಆ ಮುಚ್ಚಿದ ಕಣ್ಣುಗಳನ್ನು ಅವನಷ್ಟು ಹತ್ತಿರದಿಂದ ನೋಡಿದವರು ನಮ್ಮಲ್ಲಿ ಯಾರೂ ಇಲ್ಲ.

"ಆಯಿ, ತಡೀರಿ," ಎಂದ. "ಹೊರಗ ಬರ್ರಿ."

ಹೊರಗೆ ರಣರಣ ಬಿಸಿಲು. ರಸ್ತೆಯ ಅಂಚಿಗೇ ಖುರ್ಚಿ ಹಾಕಿದ. ಬಿಸಿಲಲ್ಲಿ ಶಟರ್ ಮಿಟುಕುವಷ್ಟರಲ್ಲಿ ತೆರೆದು ಮುಚ್ಚಿದರೆ ಅಲುಗುವ ತಲೆಯೂ ನಿಂತಂತೆ ಸಿಗುತ್ತದೆ, ಅದಕ್ಕೆ ಹೊಟ್ಟೆಯೊಳಗಿನ ಯಂತ್ರವೂ ಬೇಡ, ಏನೂ ಬೇಡ. ಇದು ಅವನಿಗೆ ಬೆಳಿಗ್ಗೆಯಿಂದ ಗೊತ್ತಿತ್ತು. ಒಂದು ಬೋರ್ಡಿನ ಮಾನಕ್ಕಾಗಿ ಆ ಮುದುಕಿಯನ್ನು ಮಧ್ಯಾಹ್ನದವರೆಗೆ ಗೋಳಾಡಿಸಿದನಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತ್ತು, ಈಗಲೂ ಪೂರ್ತಿ ಇಳಿದಿಲ್ಲ. ಗಿರಾಕಿಗಳಲ್ಲಿ ಒಬ್ಬ, "ಏನ್ರಿ, ಬಿಸಿಲಾಗ ನಮ್ಮ ಮೊಬೈಲಿನಾಗೂ ಬರ್ತೈತಲ್ರಿ?" ಎಂದ. ಶಿವಯೋಗಿ ಕ್ಯಾಮೆರಾ ಎತ್ತಿಕೊಂಡ. ಸ್ಟೆಬಿಲೈಸೇಶನ್ ಬಂದ್ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಬಟನ್ ಒತ್ತಿ ಹಿಡಿದ, ಕ್ಯಾಮೆರಾ ಪಟಪಟ ಅಂತ ಒಂದೇ ಉಸಿರಿಗೆ ಎಷ್ಟೋ ಫೋಟೋ ತೆಗೆಯಿತು.

ಪರದೆಯ ಮೇಲೆ ಸಾಲಾಗಿ ಈರಕ್ಕ. ಎಡಕ್ಕೆ ತಿರುಗಿದಾಕೆ, ನಡುವಿನಾಕೆ, ಬಲಕ್ಕೆ ತಿರುಗಿದಾಕೆ. ಎಲ್ಲದರಲ್ಲೂ ಒಂದೊಂದು ಸುಕ್ಕು ಅದರದರ ಜಾಗದಲ್ಲಿ, ಕಣ್ಣು ತೆರೆದದ್ದು, ಬಿಸಿಲಿಗೆ ತುಸು ಕಿರಿದಾದದ್ದು. ಈರಕ್ಕ ಬಹಳ ಹೊತ್ತು ನೋಡಿದಳು. ತನ್ನ ಮುಖ ನಿಂತಿದ್ದನ್ನು ಆಕೆ ಯಾವಾಗ ನೋಡಿದ್ದಳೋ. ಕನ್ನಡಿಯಲ್ಲೂ ಅದು ಅಲುಗುವುದೇ ಅಲ್ಲವೇ?

"ನನ್ನ ಅವ್ವ ಇದ್ದಂಗ ಅದೇನಿ ನಾ," ಎಂದಳು. ಶಿವಗಂಗಾ ಮೂಗು ಒರೆಸಿಕೊಂಡಳು.

ಶಿವಯೋಗಿ ನೆಟ್ಟಗೆ ನೋಡುವ ಫೋಟೋ ಆರಿಸಿ ತೋರಿಸಿದ. ಈರಕ್ಕ ಬೇಡವೆಂದಳು. ಪೂರಾ ಬಲಕ್ಕೆ ಮುಖ ತಿರುಗಿಸಿದ ಒಂದರ ಮೇಲೆ ಬೆರಳಿಟ್ಟು, "ಇದು," ಎಂದಳು.

"ಅದು ವಾರಿ ಬಂದೈತಿ ಆಯಿ, ಮುಖಾ ಅತ್ತ ತಿರಗೈತಿ. ಗ್ವಾಡಿ ಮ್ಯಾಲ ಛಂದ ಕಾಣೂದಿಲ್ಲ."

"ಗ್ವಾಡಿ ನಂದು," ಎಂದಳು ಈರಕ್ಕ.

ಮರುದಿನವೇ ಶಿವಯೋಗಿ ಆ ಫೋಟೋ ಬಾಗಿಲಲ್ಲಿ ಹಚ್ಚಿ, ತೇರಗಾಂವದ ಆಯಿಯ ತಲೆಯನ್ನು ತನ್ನ ಯಂತ್ರ ಹೇಗೆ ನಿಲ್ಲಿಸಿತು ಎಂದು ಬಂದವರಿಗೆಲ್ಲ ಹೇಳತೊಡಗಿದ್ದ. ನಾನು ಗೋಡೆಯಾಚೆಯಿಂದಲೇ "ಬಂದ್ ಇತ್ತಲ್ಲೋ ಅದು" ಎಂದು ಕೂಗಿದರೆ, "ಅಕ್ಕಗ ಟೆಕ್ನಿಕಲ್ ತಿಳಿಯೂದಿಲ್ರಿ" ಎನ್ನುತ್ತಾನೆ. ಆದರೆ ಆ ವಾರವೇ ಮುಂಡಗೋಡಕ್ಕೆ ಹೋಗಿ ಒಂದು ಹಳೆಯ ಫ್ಲ್ಯಾಶ್ ತಂದಿಟ್ಟುಕೊಂಡಿದ್ದಾನೆ, ಬಟ್ಟೆಯಡಿ ಮುಚ್ಚಿ.

ಚೌಕಟ್ಟು ನಾನೇ ತೇರಗಾಂವಕ್ಕೆ ಒಯ್ದೆ. ಪಡಸಾಲೆಯ ಗೋಡೆಯ ಮೇಲೆ ಚನಬಸಪ್ಪ ರುಮಾಲು ಸುತ್ತಿಕೊಂಡು ಕೂತಿದ್ದ, ಸೋಮಪ್ಪನವರು ತೆಗೆದ ಫೋಟೋ, ಗಲ್ಲ ಉಬ್ಬಿತ್ತು. ಪಕ್ಕದ ಮೊಳೆಗೆ ಈರಕ್ಕನನ್ನು ತೂಗು ಹಾಕಿದೆವು. ಹಾಕಿ ಹಿಂದೆ ಸರಿದು ನೋಡಿದರೆ ಗಂಡನಿಗೆ ಪೂರಾ ಮುಖ ತಿರುವಿ ತಲೆಬಾಗಿಲ ಕಡೆ ನೋಡುತ್ತಿದ್ದಾಳೆ. ನಾನು ಅಂಜುತ್ತಲೇ ಹೇಳಿದೆ, "ಈರಕ್ಕಾ, ಯಜಮಾನರ ಕಡೆ ನೋಡೂದನ್ನ ಆರಿಸಬೇಕಿತ್ತು."

"ಅಂವನ್ನ ಈ ಜನ್ಮಕ್ಕ ಸಾಕಾಗೂವಷ್ಟು ನೋಡೇನಿ," ಎಂದಳು ಈರಕ್ಕ, ತಲೆ ಅಲುಗಿಸುತ್ತ. "ಇನ್ನ ಕುಂತು ಬಾಗಲಾ ನೋಡ್ತೇನಿ. ಮೊಮ್ಮಕ್ಕಳು ಬರ್ತಾವ, ಹೋಗ್ತಾವ. ಬಂದದ್ದು ಯಾರಂತ ನನಗ ಕಾಣಬೇಕು."